ಜೀವ ಬ್ಯಾಸರಾದಾಗ ಯಾವ ಬಾಗಿಲು ತಟ್ಟಬೇಕು?

ಮೊದಲು ಅರ್ಜೆಂಟಿನ ಮಾತು. ಇದನ್ನು ಓದುತ್ತಿರುವ ನಿಮಗೇ ಈ ಹೊತ್ತಿನಲ್ಲಿ ಬದುಕು ಸಾಕು ಅನ್ನಿಸುತ್ತಿದ್ದರೆ ಮುಂದಿನದ್ದನ್ನು ಆಮೇಲೆ ಓದಿ. 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ನಡೆಯುವ ಸಹಾಯವಾಣಿ ಅದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಬೇಡ. ಒಂದು ಸಲಕ್ಕೆ ಲೈನ್ ಸಿಗದಿದ್ದರೆ ಮತ್ತೆ ಮಾಡಿ. ಈಗಾಗಲೇ ಏನಾದರೂ ಮಾಡಿಕೊಂಡಿದ್ದರೆ, ಅಥವಾ ತಡೆದುಕೊಳ್ಳಲು ಆಗುತ್ತಿಲ್ಲ ಅನ್ನಿಸಿದರೆ, 108 ಅಥವಾ 112. ಫೋನ್ ಮಾಡಲು ಕೈಯೇ ಬರದಿದ್ದರೆ ಎದ್ದು ಇನ್ನೊಬ್ಬರು ಇರುವ ಕಡೆ ಹೋಗಿ ಕೂತುಕೊಳ್ಳಿ. ಪಕ್ಕದ ಮನೆಯ ಕಟ್ಟೆಯಾದರೂ ಸರಿ. ಒಬ್ಬರೇ ಇರಬೇಡಿ.

ಇನ್ನು ಉಳಿದ ಮಾತು.

ನಮ್ಮ ಕಡೆ "ಜೀವಾ ಬ್ಯಾಸರಾಗೇತಿ" ಅನ್ನುವ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಬಿಸಿಲು ಜಾಸ್ತಿಯಾದರೂ ಅದೇ ಮಾತು, ಬಸ್ ತಪ್ಪಿದರೂ ಅದೇ ಮಾತು. ಅದಕ್ಕೇ ನಿಜವಾಗಿ ಬೇಸತ್ತವರು ಹೇಳಿದಾಗ ನಮಗೆ ಕೇಳಿಸುವುದೇ ಇಲ್ಲ. ನನಗೂ ಕೇಳಿಸಲಿಲ್ಲ. ನನ್ನ ಚಿಕ್ಕಪ್ಪನ ಮಗ, ಗಂಗಾವತಿ ಕಡೆಯ ಹಳ್ಳಿಯವನು, ನನಗಿಂತ ಆರು ವರ್ಷ ಚಿಕ್ಕವನು, ಒಂದು ಸಂಜೆ ಒಗ್ಗರಣಿ ಮಿರ್ಚಿ ಮುಂದಿಟ್ಟುಕೊಂಡು ತಿನ್ನದೆ ಕೂತು "ಯಾಕೋ ಜೀವಾ ಬ್ಯಾಸರಾಗೇತಿ ಅಣ್ಣಾ" ಅಂದ. "ಏ, ಎಲ್ಲಾ ಸರಿ ಆಗ್ತೈತಿ ಬಿಡೋ, ತಿನ್ನು" ಅಂದೆ ನಾನು. ಪ್ರೀತಿಯಿಂದಲೇ ಅಂದೆ. ಆದರೆ ಆ ಒಂದು ಮಾತಿನಿಂದ ಅವನ ಬಾಯಿ ಮುಚ್ಚಿಸಿಬಿಟ್ಟೆ ಅನ್ನುವುದು ಎಂಟು ದಿನದ ಮೇಲೆ ಅವನನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ನೋಡಿದಾಗ ಗೊತ್ತಾಯಿತು.

ಅವನು ಉಳಿದ. ಈಗ ಚೆನ್ನಾಗಿದ್ದಾನೆ. ಇದನ್ನು ಬರೆಯಲು ಅವನೇ ಹೇಳಿದ. "ನಂಗ ಎಲ್ಲಿಗೆ ಹೋಗಬೇಕು, ಹೋದ್ರ ಏನು ಮಾಡ್ತಾರ ಅನ್ನೋದ ಗೊತ್ತಿರಲಿಲ್ಲ, ಅದನ್ನ ಬರಿ" ಅಂದ. ಹಾಗಾಗಿ ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಎರಡು ವಿಷಯಗಳನ್ನು ಬಿಡಿಸಿ ನೋಡಬೇಕು. ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು ಒಂದು, ಸಾಯಬೇಕು ಅನ್ನಿಸುವುದು ಇನ್ನೊಂದು. ಎರಡೂ ಒಂದೇ ಅಂತ ನಾವು ತಿಳಿಯುತ್ತೇವೆ, ಒಂದೇ ಅಲ್ಲ. ಗಾಯ ಮಾಡಿಕೊಳ್ಳುವ ಎಷ್ಟೋ ಹುಡುಗ ಹುಡುಗಿಯರಿಗೆ ಸಾಯುವ ಇಚ್ಛೆ ಇರುವುದಿಲ್ಲ. ಒಳಗಿನ ಸಂಕಟ ತಡೆಯಲಾರದಷ್ಟು ಆದಾಗ, ಹೇಳಲು ಮಾತು ಸಿಗದಾಗ, ಒಂದು ಗಳಿಗೆ ಹಗುರಾಗಲು ಅವರು ಹಿಡಿದ ದಾರಿ ಅದು. ಕೆಲವರಿಗೆ ಮನಸ್ಸು ಕಲ್ಲಾದ ಹಾಗೆ ಆಗಿರುತ್ತದೆ, ಏನಾದರೂ ಅನ್ನಿಸಲಿ ಅಂತ ಮಾಡಿಕೊಳ್ಳುತ್ತಾರೆ. ಆ ಹಗುರ ಜಾಸ್ತಿ ಹೊತ್ತು ಉಳಿಯುವುದಿಲ್ಲ. ನಾಚಿಕೆ ಬರುತ್ತದೆ, ನಾಚಿಕೆಯಿಂದ ಸಂಕಟ, ಸಂಕಟದಿಂದ ಮತ್ತೆ ಅದೇ. ಎಲ್ಲರ ಗಮನ ಸೆಳೆಯಲು ಮಾಡುತ್ತಾರೆ ಅಂತ ಹೇಳುವವರಿಗೆ ಒಂದು ಮಾತು: ಇವರಲ್ಲಿ ಹೆಚ್ಚಿನವರು ಬೇಸಿಗೆಯ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿಕೊಂಡು ಅದನ್ನು ಮುಚ್ಚಿಡುತ್ತಾರೆ. ಹಾಗಂತ ಸಾಯುವ ಇಚ್ಛೆ ಇಲ್ಲವಲ್ಲ ಅಂತ ಸುಮ್ನೆ ಬಿಡುವ ಹಾಗೂ ಇಲ್ಲ. ಹೀಗೆ ಮಾಡಿಕೊಳ್ಳುವವರಿಗೆ ಮುಂದೆ ಜೀವಕ್ಕೇ ಅಪಾಯವಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.

ಸಾಯಬೇಕು ಅನ್ನಿಸುವುದರಲ್ಲೂ ಮೆಟ್ಟಿಲುಗಳಿವೆ. "ರಾತ್ರಿ ಮಲಗಿದವನು ಬೆಳಿಗ್ಗೆ ಏಳದಿದ್ದರೆ ಸಾಕು" ಅನ್ನಿಸುವುದು ಒಂದು ಮೆಟ್ಟಿಲು. ಆ ಯೋಚನೆ ಬೇಡ ಬೇಡ ಅಂದರೂ ಮತ್ತೆ ಮತ್ತೆ ಬರುವುದು ಇನ್ನೊಂದು. ಹೇಗೆ, ಯಾವಾಗ ಅಂತ ಲೆಕ್ಕ ಹಾಕುವುದು ಅದಕ್ಕಿಂತ ಮುಂದಿನದು, ಅಲ್ಲಿಗೆ ಬಂದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೊದಲ ಮೆಟ್ಟಿಲಲ್ಲೇ ಸಹಾಯ ಕೇಳಬಹುದು. "ಅಷ್ಟೇನೂ ಆಗಿಲ್ಲ, ಡಾಕ್ಟರ ಟೈಮ್ ಯಾಕೆ ಹಾಳು ಮಾಡಲಿ" ಅಂತ ಕಾಯಬೇಡಿ. ಹಲ್ಲುನೋವಿಗೆ ದವಡೆ ಊದುವ ತನಕ ಕಾಯುವುದಿಲ್ಲ ಅಲ್ವಾ?

ಇನ್ನೊಂದು ವಿಷಯ ಅರ್ಥವಾದರೆ ಬಹಳ ಸಹಾಯ. ಸಾಯಬೇಕು ಅನ್ನುವ ಈ ತುಡಿತ ಜ್ವರದ ಹಾಗೆ ಏರುತ್ತದೆ, ಇಳಿಯುತ್ತದೆ. ಏರಿದಾಗ ಇದು ಇಳಿಯುವುದೇ ಇಲ್ಲ ಅನ್ನಿಸುತ್ತದೆ, ಆದರೆ ತೀರಾ ಜೋರಾದ ಹೊತ್ತು ಹೆಚ್ಚಿನವರಿಗೆ ಕೆಲವು ನಿಮಿಷ, ಇಲ್ಲ ಕೆಲವು ಗಂಟೆ. ಆ ಹೊತ್ತಿನಲ್ಲಿ ಮನಸ್ಸಿಗೆ ಒಂದೇ ದಾರಿ ಕಾಣುತ್ತದೆ, ಉಳಿದ ದಾರಿಗಳು ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಅಂಥ ಗಳಿಗೆಯಲ್ಲಿ ಇಡೀ ಬದುಕಿನ ಲೆಕ್ಕ ಬಗೆಹರಿಸಲು ಹೋಗಬಾರದು. ಆ ಗಳಿಗೆ ದಾಟಬೇಕು. ಯಾರ ಜೊತೆಗಾದರೂ ಇದ್ದು, ಅಪಾಯ ಆಗುವಂಥದ್ದರಿಂದ ದೂರ ಇದ್ದು, ಸುಮ್ನೆ ದಾಟಬೇಕು.

ಪೇಪರಿನಲ್ಲಿ "ಪರೀಕ್ಷೆಯಲ್ಲಿ ಫೇಲಾಗಿದ್ದಕ್ಕೆ", "ಸಾಲಕ್ಕೆ ಬೇಸತ್ತು" ಅಂತ ಒಂದೇ ಸಾಲಿನಲ್ಲಿ ಕಾರಣ ಬರೆದುಬಿಡುತ್ತಾರೆ. ನನಗೆ ಅದನ್ನು ಓದಿದರೆ ಸಿಟ್ಟು ಬರುತ್ತದೆ. ಒಂದೇ ಕಾರಣ ಇರುವುದು ಬಹಳ ಅಪರೂಪ. ಖಿನ್ನತೆ, ಕುಡಿತ, ನಿದ್ದೆ ಇಲ್ಲದಿರುವುದು, ಮನೆಯ ಜಗಳ, ಮೈಯ ನೋವು, ಒಂಟಿತನ, ದುಡ್ಡಿನ ತೊಂದರೆ, ಇವು ಒಂದರ ಮೇಲೊಂದು ಬಿದ್ದಿರುತ್ತವೆ. ಹಾಗಾಗಿ ಸಹಾಯವೂ ಒಂದೇ ಕಡೆಯಿಂದ ಬರಬೇಕಿಲ್ಲ. ನನ್ನ ತಮ್ಮನಿಗೆ ಮಾತ್ರೆಯೂ ಬೇಕಿತ್ತು, ವಸೂಲಿಗೆ ಬಂದು ಬಾಗಿಲಲ್ಲಿ ಕೂರುವವರಿಂದ ಬಿಡುಗಡೆಯೂ ಬೇಕಿತ್ತು. ಸಾಲದ ವಸೂಲಿಗೆ ಹಿಂಸೆ ಕೊಡುವುದನ್ನು ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆ ತಂದಿದೆ. ಬೆದರಿಸಿದರೆ, ಮನೆ ಮುಂದೆ ಕೂತು ಮಾನ ಕಳೆದರೆ ಪೊಲೀಸರಿಗೆ ದೂರು ಕೊಡಬಹುದು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಸಂಘದ ಸಾಲ ಮಾಡಿದ ಹೆಣ್ಣುಮಕ್ಕಳು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಎಷ್ಟೊಂದು ಜನ ಇದ್ದಾರೆ, ಇದು ಅವರಿಗೆ ಗೊತ್ತಿರಲಿ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇಡುತ್ತಿದ್ದಾರೆ. ರಿಸಲ್ಟಿನ ದಿನ ಮನೆಯಲ್ಲಿ ಇದನ್ನು ಜೋರಾಗಿ ಹೇಳಬೇಕು, ಅದೂ ರಿಸಲ್ಟ್ ಬರುವ ಮೊದಲೇ. ಗಂಡನ ಮನೆಯಲ್ಲಿ ಹೊಡೆತ, ಬೈಗುಳ ಇದ್ದರೆ ಹೆಣ್ಣುಮಕ್ಕಳ ಸಹಾಯವಾಣಿ 181 ಇದೆ. ಮಕ್ಕಳಿಗೆ 1098.

ಈಗ ಅತಿ ಮುಖ್ಯವಾದದ್ದು, ಕೇಳುವುದು. ಯಾರಾದರೂ ಮೊದಲಿನ ಹಾಗಿಲ್ಲ ಅನ್ನಿಸಿದರೆ, ಊಟ ಬಿಟ್ಟಿದ್ದರೆ, ನಿದ್ದೆ ಇಲ್ಲದಿದ್ದರೆ, ಇದ್ದಕ್ಕಿದ್ದ ಹಾಗೆ ತನ್ನ ವಸ್ತುಗಳನ್ನು ಹಂಚುತ್ತಿದ್ದರೆ, "ನಾ ಇಲ್ಲದಿದ್ರ ನಿಮಗ ಆರಾಮ" ಅನ್ನುವಂಥ ಮಾತಾಡಿದರೆ, ನೇರವಾಗಿ ಕೇಳಿ. "ಸಾಯಬೇಕು ಅಂತ ಏನಾದರೂ ಅನಿಸಾಕತ್ತೈತೇನು?" ಅಂತ ಅದೇ ಶಬ್ದದಲ್ಲಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಇದನ್ನು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ, ಕೇಳುವುದರಿಂದ ಯೋಚನೆ ಹೆಚ್ಚುವುದಿಲ್ಲ, ಎಷ್ಟೋ ಜನಕ್ಕೆ ಸಮಾಧಾನವೇ ಆಗುತ್ತದೆ. ಕೊನೆಗೂ ಒಬ್ಬರು ಕೇಳಿದರಲ್ಲ ಅಂತ.

ಹೌದು ಅಂದರೆ? ಹೌಹಾರಬೇಡಿ. ಬೈಯಬೇಡಿ. "ಹೆಂಡ್ತಿ ಮಕ್ಕಳನ್ನ ನೋಡು", "ನಿಮ್ಮವ್ವನ ಗತಿ ಏನು", ಇವು ಪ್ರೀತಿಯ ಮಾತುಗಳೇ, ಆದರೆ ಕೇಳುವವನ ಎದೆಯಲ್ಲಿ ಇವು ಇನ್ನೊಂದು ಹೊರೆಯಾಗಿ ಕೂರುತ್ತವೆ. ತಾನು ಎಲ್ಲರಿಗೂ ಭಾರ ಅನ್ನುವುದೇ ಅವನ ಯೋಚನೆಯಾಗಿರುವಾಗ ಅದಕ್ಕೇ ಸಾಕ್ಷಿ ಒದಗಿಸಿದ ಹಾಗೆ. ಅದರ ಬದಲು "ಎಷ್ಟು ದಿನದಿಂದ ಹಿಂಗ ಅನಿಸಾಕತ್ತೈತಿ? ಇವತ್ತು ಹೆಂಗ ಐತಿ?" ಅಂತ ಕೇಳಿ, ಆಮೇಲೆ ನೀವು ಸುಮ್ಮನಿರಿ. ಉತ್ತರ ಬರಲು ಹೊತ್ತು ಹಿಡಿಯುತ್ತದೆ. "ಯಾರಿಗೂ ಹೇಳಲ್ಲ" ಅಂತ ಆಣೆ ಮಾತ್ರ ಇಡಬೇಡಿ. "ನಿನ್ನ ಕೇಳದೆ ಊರಿಗೆಲ್ಲಾ ಹೇಳಲ್ಲ, ಆದರೆ ಡಾಕ್ಟರಿಗೆ ಇಬ್ಬರೂ ಕೂಡಿ ಹೇಳೋಣ" ಅನ್ನಿ.

ನಿಮಗೇ ಹಾಗೆ ಅನ್ನಿಸುತ್ತಿದ್ದು ಹೇಳಲು ಮಾತು ಹೊರಡದಿದ್ದರೆ ಒಂದು ಮೆಸೇಜ್ ಸಾಕು. "ನಂಗೆ ಬದುಕೋದು ಕಷ್ಟ ಆಗ್ತಿದೆ. ಸಲಹೆ ಬೇಡ. ನನ್ನ ಜೊತೆ ಆಸ್ಪತ್ರೆಗೆ ಬಾ." ಇದನ್ನೇ ಹಾಗೇ ಕಳಿಸಿ. ಮೊದಲು ಹೇಳಿದವರು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ, ನಾನು ಮಾಡಿದ ಹಾಗೆ ಮಾಡಿದರೆ, ಎರಡನೆಯವರಿಗೆ ಹೇಳಿ. ಮೊದಲನೆಯವರಿಗೆ ಹೇಗೆ ಕೇಳಿಸಿಕೊಳ್ಳಬೇಕು ಅಂತ ಗೊತ್ತಿರಲಿಲ್ಲ, ಅಷ್ಟೇ.

14416ಕ್ಕೆ ಬರೋಣ. ಇದರ ಹೆಸರು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 1800 891 4416 ಅನ್ನುವುದೂ ಇದರದೇ ನಂಬರು. ಭಾಷೆ ಆರಿಸಿದ ಮೇಲೆ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಿಗೆ ಸಿಗುತ್ತಾರೆ. ನಿಮ್ಮ ಕಷ್ಟ ಅವರ ಕೈ ಮೀರಿದ್ದಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ, ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು ಅಂತ ಹೇಳುತ್ತಾರೆ. ಮಾತು ಶುರು ಮಾಡುವುದು ಹೇಗೆ ಅಂತ ಗಾಬರಿ ಬೇಡ. "ಏನು ಹೇಳಬೇಕೋ ಗೊತ್ತಾಗುತ್ತಿಲ್ಲ" ಅಂದರೂ ಸಾಕು, ಮುಂದಿನದನ್ನು ಅವರು ಕೇಳುತ್ತಾರೆ. ಮನೆಯವರೂ ಫೋನ್ ಮಾಡಬಹುದು. ಮಗನೋ ಮಗಳೋ ಆಸ್ಪತ್ರೆಗೆ ಬರಲು ಒಪ್ಪದಿದ್ದಾಗ ಏನು ಮಾಡಬೇಕು ಅಂತ ಅವ್ವ ಅಪ್ಪ ಕೇಳಬಹುದು. ಆದರೆ ಜೀವಕ್ಕೆ ಆಗಲೇ ಅಪಾಯ ಆಗಿದ್ದರೆ ಮಾತಿನ ಸಹಾಯವಾಣಿಗಿಂತ 108 ಮೊದಲು.

ಆಸ್ಪತ್ರೆ ಅಂದರೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕು ಅಂತ ನಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಹಾಗೇನಿಲ್ಲ. ಮೂರು ಜಿಲ್ಲೆಗಳಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ: ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ಬಳ್ಳಾರಿಯಲ್ಲಿ ಎಲ್ಲರೂ ಈಗಲೂ ವಿಮ್ಸ್ ಅಂತಲೇ ಕರೆಯುವ ಆಸ್ಪತ್ರೆ. ಚೀಟಿ ಮಾಡಿಸುವ ಕಡೆ "ಮನೋರೋಗ ವಿಭಾಗ" ಅಂದರೆ ಸಾಕು, ಕಾರಣ ಅಲ್ಲಿ ಹೇಳಬೇಕಿಲ್ಲ. ಜಿಲ್ಲಾ ಕೇಂದ್ರ ದೂರ ಆಗುತ್ತದೆ ಅನ್ನುವವರಿಗೆ, ಸಿಂಧನೂರಿನವರಿಗೆ, ಕುಷ್ಟಗಿಯವರಿಗೆ, ಸಿರುಗುಪ್ಪದವರಿಗೆ, ಮಂಗಳವಾರದ ವಿಷಯ ಗೊತ್ತಿರಬೇಕು. ರಾಜ್ಯದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಅದರ ಪ್ರಕಾರ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬಂದು ನೋಡುತ್ತಾರೆ. ಯಾವ ಮಂಗಳವಾರ ಯಾವ ತಾಲೂಕು ಅಂತ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಮೊದಲೇ ಕೇಳಿಕೊಂಡು ಹೋಗಿ, ಬಸ್ ಚಾರ್ಜ್ ದಂಡ ಆಗಬಾರದು.

ಇಲ್ಲಿ ಒಂದು ಹೆಮ್ಮೆಯ ಸಂಗತಿ ಹೇಳಲೇಬೇಕು, ನಮ್ಮ ಜನಕ್ಕೇ ಇದು ಗೊತ್ತಿಲ್ಲ. ಮಾನಸಿಕ ಕಾಯಿಲೆಗೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯೇ ಬೇಕಿಲ್ಲ, ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರಿಗೆ, ನರ್ಸಿಗೆ ತರಬೇತಿ ಕೊಟ್ಟು ಬೇಕಾದ ಕೆಲವು ಮಾತ್ರೆ ಇಟ್ಟರೆ ಅಲ್ಲೇ ನೋಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಆ ಜಿಲ್ಲೆ ಬಳ್ಳಾರಿ. ಆಗಿನ ಬಳ್ಳಾರಿ ಅಂದರೆ ಹೊಸಪೇಟೆ, ಹಡಗಲಿ ಎಲ್ಲಾ ಸೇರಿದ ದೊಡ್ಡ ಜಿಲ್ಲೆ. "ಬಳ್ಳಾರಿ ಮಾದರಿ" ಅಂತಲೇ ಅದಕ್ಕೆ ಹೆಸರಾಯಿತು, ಅದನ್ನೇ ಆಧಾರ ಮಾಡಿಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇವತ್ತು ಬೇರೆ ಬೇರೆ ರಾಜ್ಯದ ಹಳ್ಳಿಯವರು ತಮ್ಮ ಜಿಲ್ಲೆಯಲ್ಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಬೇರು ನಮ್ಮ ಕಡೆಯ ಹಳ್ಳಿಗಳಲ್ಲಿದೆ. ಹೀಗಿರುವಾಗ ನಾವೇ "ತೆಲಿ ಡಾಕ್ಟರ್ ಕಡೆ ಹೋದ್ರ ಜನ ಏನಂತಾರ" ಅಂತ ಕೂತರೆ ಹೇಗೆ?

ಡಾಕ್ಟರ್ ಏನು ಮಾಡುತ್ತಾರೆ? ಮಾತಾಡಿಸುತ್ತಾರೆ. ನಿದ್ದೆ, ಊಟ, ಕುಡಿತ, ಕೆಲಸ, ಮನೆ, ಸಾಯುವ ಯೋಚನೆ ಎಷ್ಟಿದೆ, ಮೊದಲು ಯಾವಾಗಾದರೂ ಹೀಗಾಗಿತ್ತೇ, ಎಲ್ಲಾ ಕೇಳುತ್ತಾರೆ. ಮುಚ್ಚಿಡದೆ ಹೇಳಿ, ಜೊತೆಗೆ ಬಂದವರ ಮುಂದೆ ಹೇಳಲಾಗದಿದ್ದರೆ "ಒಬ್ಬನೇ ಮಾತಾಡಬೇಕು" ಅಂತ ಕೇಳಿ. ಅಪಾಯ ಜಾಸ್ತಿ ಕಂಡರೆ ಕೆಲವು ದಿನ ಅಡ್ಮಿಟ್ ಆಗಲು ಹೇಳಬಹುದು. ಖಿನ್ನತೆಯ ಮಾತ್ರೆ ಬರೆದರೆ ಒಂದು ವಿಷಯ ನೆನಪಿರಲಿ: ಅದು ತಲೆನೋವಿನ ಮಾತ್ರೆ ಅಲ್ಲ, ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ನಮ್ಮ ಹುಡುಗ ಹತ್ತನೇ ದಿನಕ್ಕೆ "ಏನೂ ಉಪಯೋಗಿಲ್ಲ" ಅಂತ ಬಿಡಲು ಹೊರಟಿದ್ದ. ಮೊದಲ ವಾರಗಳಲ್ಲಿ ಚಡಪಡಿಕೆಯೋ ಸಾಯುವ ಯೋಚನೆಯೋ ಹೆಚ್ಚಾದರೆ, ಅದೂ ಹರೆಯದವರಲ್ಲಿ, ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಚೆನ್ನಾಗಿದೆ ಅನ್ನಿಸಿದ ಮೇಲೂ ಒಮ್ಮೆಲೇ ನಿಲ್ಲಿಸಬಾರದು, ಅವರೇ ನಿಧಾನಕ್ಕೆ ಇಳಿಸುತ್ತಾರೆ. ಇದರ ಜೊತೆ ಮಾತಿನ ಚಿಕಿತ್ಸೆ ಇದೆ. ಗಾಯ ಮಾಡಿಕೊಳ್ಳುವ ಅಭ್ಯಾಸ ಇರುವವರಿಗಂತೂ ಮಾತಿನ ಚಿಕಿತ್ಸೆಯೇ ಮುಖ್ಯ, ಸಂಕಟ ಏರಿದಾಗ ಬೇರೆ ಏನು ಮಾಡಬಹುದು ಅಂತ ಅಲ್ಲಿ ಒಂದೊಂದಾಗಿ ಕಲಿಸುತ್ತಾರೆ.

ಹುಲಿಗೆಮ್ಮನ ಹತ್ತಿರ ಹೋಗಬೇಡಿ, ಮಂತ್ರಾಲಯಕ್ಕೆ ಹೋಗಬೇಡಿ, ದರ್ಗಾಕ್ಕೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಚಿಕ್ಕವ್ವ ಹುಣ್ಣಿಮೆಗೆ ಹುಲಿಗಿಗೆ ಹೋಗುತ್ತಾಳೆ, ಮಗನ ಮಾತ್ರೆಯ ಡಬ್ಬಿಯನ್ನೂ ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತಾಳೆ.

ಪೊಲೀಸ್ ಕೇಸಿನ ಭಯದ ಬಗ್ಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಇದರಿಂದ ಜೀವಗಳು ಹೋಗುತ್ತವೆ. ನಮ್ಮ ಹುಡುಗನನ್ನು ಕರೆದುಕೊಂಡು ಹೋದಾಗ ದೊಡ್ಡವರು "ಜಾರಿ ಬಿದ್ದಾನ" ಅಂತ ಸುಳ್ಳು ಹೇಳಿ ಹೊತ್ತು ಕಳೆದರು. ಡಾಕ್ಟರಿಗೆ ನಿಜ ಗೊತ್ತಾಗದೆ ಸರಿಯಾದ ಚಿಕಿತ್ಸೆ ಹೇಗೆ ಶುರುವಾಗಬೇಕು? ಹಿಂದೆ ಐಪಿಸಿ 309ನೇ ಸೆಕ್ಷನ್ ಪ್ರಕಾರ ಸಾಯಲು ಯತ್ನಿಸುವುದು ಅಪರಾಧವಾಗಿತ್ತು, ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಅದನ್ನು ತಿರುಗಿಸಿ ಹಾಕಿತು. ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡಬಾರದು, ಸರ್ಕಾರವೇ ಅವರಿಗೆ ಆರೈಕೆ, ಚಿಕಿತ್ಸೆ ಕೊಡಬೇಕು ಅಂತ ಅದು ಹೇಳುತ್ತದೆ. ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೇ ಸೆಕ್ಷನ್ ಇಲ್ಲವೇ ಇಲ್ಲ. ಸರ್ಕಾರಿ ನೌಕರರನ್ನು ಬೆದರಿಸಿ ಅವರ ಕೆಲಸಕ್ಕೆ ಅಡ್ಡಿ ಮಾಡಲು ಹಾಗೆ ಮಾಡಿದರೆ ಮಾತ್ರ ಬೇರೆ ಸೆಕ್ಷನ್ ಇದೆ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸಬೇಕಾದ ಕೇಸು, ಅಂತ ಬರೆದುಕೊಂಡು ಪೊಲೀಸರಿಗೆ ತಿಳಿಸಬಹುದು, ಪೊಲೀಸರು ಬಂದು ಹೇಳಿಕೆ ಕೇಳಬಹುದು. ಅದು ಜೈಲಿಗೆ ಹಾಕಲು ಅಲ್ಲ. ಪೊಲೀಸರು ಬರುವ ತನಕ ಮುಟ್ಟುವುದಿಲ್ಲ ಅಂತ ಯಾವ ಡಾಕ್ಟರೂ ಹೇಳುವ ಹಾಗಿಲ್ಲ, ಮೊದಲು ಜೀವ ಉಳಿಸಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಅದೇ 2017ರ ಕಾಯ್ದೆಯಲ್ಲಿ ಇನ್ನೆರಡು ಉಪಯೋಗದ ಮಾತುಗಳಿವೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರದ ಕಡೆಯಿಂದ ಮಾನಸಿಕ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡ್ ಕೈಯಲ್ಲಿ ಇರಲಿ, ಇಲ್ಲದಿರಲಿ. ಮತ್ತೆ ನಿಮ್ಮ ವಿಷಯವನ್ನು ಗುಟ್ಟಾಗಿ ಇಡಬೇಕಾದ್ದು ಅವರ ಕರ್ತವ್ಯ, ಜೀವಕ್ಕೆ ಅಪಾಯ ತಪ್ಪಿಸಬೇಕಾದಂಥ ಕೆಲವು ಸಂದರ್ಭ ಬಿಟ್ಟರೆ.

ಎಲ್ಲರೂ ಸರಿಯಾಗಿ ನಡೆದುಕೊಳ್ಳುತ್ತಾರೆ ಅಂತಲ್ಲ. ನಾವು ಹೋಗಿದ್ದ ಒಂದು ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡುವವರೊಬ್ಬರು "ಇಷ್ಟು ಧೈರ್ಯ ಐತಲ್ಲ, ದುಡಿದು ತಿನ್ನಾಕ ಏನಾಗೇತಿ" ಅಂದರು. ಹುಡುಗ ಗೋಡೆ ಕಡೆ ಮುಖ ಮಾಡಿ ಮಲಗಿದ. ಅಂಥ ಮಾತು ಕಿವಿಗೆ ಬಿದ್ದರೆ ಅಲ್ಲಿಗೇ ಎಲ್ಲಾ ಮುಗಿಯಿತು ಅಂತ ತಿಳಿಯಬೇಡಿ, ಬೇರೆ ಡಾಕ್ಟರ್ ಇದ್ದಾರೆ, ಬೇರೆ ನರ್ಸ್ ಇದ್ದಾರೆ. ರಾತ್ರಿ ಪಾಳಿಗೆ ಬಂದ ನರ್ಸಮ್ಮ ಅವನ ಹಾಸಿಗೆ ಪಕ್ಕ ಸ್ಟೂಲ್ ಎಳೆದು ಕೂತು "ಊಟ ಆತೇನಪ್ಪಾ?" ಅಂದಳು. ಅವನು ಮೊದಲ ಸಲ ಅತ್ತಿದ್ದು ಆಗಲೇ.

ಮನೆಗೆ ಬಂದ ಮೇಲಿನ ಮೊದಲ ವಾರಗಳು, ತಿಂಗಳುಗಳು ನಾಜೂಕು. ಡಿಸ್ಚಾರ್ಜ್ ಆಯಿತು, ಆರಾಮಾದ ಅಂತ ಎಲ್ಲರೂ ನಿರಾಳ ಆಗುತ್ತಾರೆ, ಆದರೆ ಅಪಾಯ ಜಾಸ್ತಿ ಇರುವ ಹೊತ್ತು ಅದೇ. ಮುಂದಿನ ಸಲ ಯಾವಾಗ ಬರಬೇಕು ಅಂತ ಬರೆಸಿಕೊಂಡೇ ಹೊರಡಿ, ಆ ದಿನ ತಪ್ಪಿಸಬೇಡಿ. ಮನೆಯಲ್ಲಿ, ಹೊಲದ ಶೆಡ್ಡಿನಲ್ಲಿ ಅಪಾಯಕ್ಕೆ ದಾರಿಯಾಗುವಂಥದ್ದು ಏನಿದೆಯೋ ಅದನ್ನು ಬೇರೆಯವರ ವಶಕ್ಕೆ ಕೊಡಿ, ಮಾತ್ರೆಗಳನ್ನೂ ಒಬ್ಬರು ತಮ್ಮ ಹತ್ತಿರ ಇಟ್ಟುಕೊಂಡು ದಿನದ್ದು ದಿನ ಕೊಡಲಿ. ಆ ಜೋರಾದ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ. ನೋಡಲು ಬರುವ ನೆಂಟರಿಗೆ ಬಾಗಿಲಲ್ಲೇ ಹೇಳಿಬಿಡಿ, ಯಾಕೆ ಹೀಗೆ ಮಾಡಿದೆ ಅಂತ ಕೇಳುವ ಹಾಗಿಲ್ಲ ಅಂತ.

ಮಕ್ಕಳ ಮೈಮೇಲೆ ಗಾಯದ ಗುರುತು ಕಂಡ ಅವ್ವಂದಿರಿಗೂ ಇದೇ. ತೋಳು ಹಿಡಿದೆಳೆದು ತೋರಿಸು ಅನ್ನಬೇಡಿ, ಇನ್ನೊಮ್ಮೆ ಮಾಡಲ್ಲ ಅಂತ ದೇವರ ಮೇಲೆ ಆಣೆ ಮಾಡಿಸಬೇಡಿ. ಆಣೆ ಮುರಿದ ದಿನ ಅವರು ಇನ್ನಷ್ಟು ಮುಚ್ಚಿಡುತ್ತಾರೆ. ಗಾಯಕ್ಕೆ ಔಷಧಿ ಹಚ್ಚಿ, "ಭಾಳ ಕಷ್ಟ ಆಗಿರಬೇಕು ನಿಂಗ" ಅನ್ನಿ. ಆಮೇಲೆ ಡಾಕ್ಟರ ಮಾತು.

ಡಾಕ್ಟರ್ ನಮ್ಮ ಹುಡುಗನ ಕೈಯಲ್ಲಿ ಒಂದು ಚೀಟಿ ಬರೆಸಿದರು. ಸುರಕ್ಷತೆಯ ಯೋಜನೆ ಅನ್ನುತ್ತಾರೆ ಅದಕ್ಕೆ, ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ. ಕಷ್ಟ ಏರುತ್ತಿದೆ ಅಂತ ನನಗೆ ಹೇಗೆ ಗೊತ್ತಾಗುತ್ತದೆ, ಆಗ ಒಬ್ಬನೇ ಏನು ಮಾಡಬಲ್ಲೆ, ಎಲ್ಲಿಗೆ ಹೋಗಿ ಜನರ ನಡುವೆ ಇರಬಲ್ಲೆ, ಯಾರಿಗೆ ಬಾಯಿ ಬಿಟ್ಟು ಹೇಳಬಲ್ಲೆ, ಯಾವ ಆಸ್ಪತ್ರೆ, ಯಾವ ನಂಬರು, ಮನೆಯಲ್ಲಿ ಯಾವುದನ್ನು ದೂರ ಇಡಬೇಕು. ಮನಸ್ಸು ಸರಿ ಇದ್ದಾಗ ಬರೆದಿಡುವುದು, ಸರಿ ಇಲ್ಲದಾಗ ಯೋಚನೆ ಮಾಡದೆ ಅದರ ಪ್ರಕಾರ ನಡೆಯುವುದು. ಅವನದು ಫೋನಿನ ಕವರ್ ಒಳಗೆ ಮಡಚಿಟ್ಟಿದೆ, ಮಡಿಕೆಯಲ್ಲಿ ಹರಿದು ಎರಡು ಸಲ ಮತ್ತೆ ಬರೆದಿದ್ದಾನೆ. ಮೊದಲ ಸಾಲು: "ಎರಡು ರಾತ್ರಿ ನಿದ್ದೆ ಇಲ್ಲದಿದ್ದರೆ." ಎರಡನೆಯದು: "ಮುಖಕ್ಕೆ ತಣ್ಣೀರು, ಎಮ್ಮೆ ಮೈ ತೊಳೆಯುವುದು." ಮೂರನೆಯದು: "ಬಸ್ ಸ್ಟ್ಯಾಂಡ್ ಹೋಟೆಲ್." ನಾಲ್ಕನೆಯದು ನನ್ನ ಹೆಸರು, ಅದರ ಕೆಳಗೆ 14416.

ಹೋದ ತಿಂಗಳು ರಾತ್ರಿ ಒಂದೂವರೆಗೆ ಅವನ ಫೋನ್ ಬಂತು. "ಅಣ್ಣಾ, ನಾಕನೇ ಸಾಲಿಗೆ ಬಂದೀನಿ" ಅಂದ. ಈ ಸಲ ನಾನು ಎಲ್ಲಾ ಸರಿ ಆಗ್ತೈತಿ ಅನ್ನಲಿಲ್ಲ. "ಹೇಳು, ಕೇಳಾಕತ್ತೀನಿ" ಅಂದೆ.